ಮುಖ ವಾರಗಿತ್ತೀದು, ಮಾತು ನಂದು

ನಮ್ಮ ವಾರಗಿತ್ತಿ ಇರೋ ಕಡೆ ಏನಾದರೊಂದು ಆಗುತ್ತೆ, ಆಗಿದ್ದೆಲ್ಲ ಅವಳಿಗೇ ಒಳ್ಳೇದಾಗುತ್ತೆ. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳ್ತಿದ್ದ ಕಾಲದಲ್ಲಿ ನಮ್ಮ ಅಕ್ಕೂರಿಗೆ ಸಿನಿಮಾದವರು ಬಂದರು. ಮಗನನ್ನ ಫ್ಯಾಕ್ಟರಿ ಕೆಲಸಕ್ಕೆ ಕಳಿಸೋ ತಾಯಿ ಬೇಕಿತ್ತು. ಮನೆಗೆ ದೊಡ್ಡವಳು ನಾನಿದ್ದರೂ ಡೈರೆಕ್ಟರು ಅವಳನ್ನ ಆರಿಸಿದರು. ನನಗೆ ಹಿಂದೆ ನಿಂತು ಮೊರದಲ್ಲಿ ಕೇರೋ ಕೆಲಸ.

ಬಿಳಿ

ಕ್ಯಾಮೆರಾಕ್ಕೆ ಮೊದಲು ಬಿಳಿ ಯಾವುದು ಅಂತ ತೋರಿಸಬೇಕಂತೆ. ಆಗ ಮಿಕ್ಕ ಬಣ್ಣ ತಾನಾಗೇ ಸರಿಹೋಗುತ್ತಂತೆ. ವೈಟ್ ಬ್ಯಾಲೆನ್ಸು ಅಂತಾರೆ. ಕ್ಯಾಮೆರಾದವನು ಬಿಳೀದು ಏನಾದ್ರೂ ಕೊಡಿ ಅಂದ. ವಾರಗಿತ್ತಿ ತನ್ನ ಗಂಡನ ಪಂಚೆ ತಂದಳು. ನಾನು ಬಿಡ್ತೀನಾ, ನಮ್ಮ ಯಜಮಾನರ ಪಂಚೆ ತಂದೆ. ಅವನು ಎರಡನ್ನೂ ಬಿಸಿಲಿಗೆ ಹಿಡಿದು, "ಅಜ್ಜಿ, ನಿಮ್ಮದು ಒಸಿ ಹಳದಿ" ಅಂದ.

ಅವತ್ತೇ ನೀಲಿ ಹಾಕಿ ಹಾಕಿ ಒಗೆದೆ. ಮಾರನೇ ದಿನ ನಮ್ಮ ಯಜಮಾನರು ಆಕಾಶ ಉಟ್ಟುಕೊಂಡಂಗೆ ಓಡಾಡ್ತಿದ್ದರು.

ಫೋಕಸ್ಸು

ಡಿಜಿಟಲ್ಲು ಅಂದ್ರೆ ರೀಲು ತೊಳೆಯೋವರೆಗೆ ಕಾಯಂಗಿಲ್ಲ. ತೆಗೆದದ್ದು ಆಗಲೇ ಮಾನಿಟರ್ ಅನ್ನೋ ಪುಟ್ಟ ಟಿವಿಯಲ್ಲಿ ಕಾಣುತ್ತೆ. ಹೋಗಿ ಬಗ್ಗಿ ನೋಡಿದೆ. ವಾರಗಿತ್ತಿ ಮೂಗುಬೊಟ್ಟಿನ ಹರಳು ಸುದ್ದಾ ಹೊಳೀತೈತೆ. ಹಿಂದೆ ನಾನು, ಮುದ್ದೆ ಮಡಕೆ ಹಬೆಯೊಳಗೆ ನಿಂತಂಗೆ ಮಂಜುಮಂಜು.

"ಫೋಕಸ್ಸು ಮುಂದಿರೋರ ಮೇಲೈತೆ ಅಜ್ಜಿ, ಹಿಂದಿರೋರು ಮಂಜಾಗ್ತಾರೆ" ಅಂದ ಕ್ಯಾಮೆರಾದವನು.

ಮುಂದಿನ ಸಲ ಕೇರ್ತಾ ಕೇರ್ತಾ ಒಂದೊಂದೇ ಹೆಜ್ಜೆ ಮುಂದೆ ಬಂದೆ. ಡೈರೆಕ್ಟರು ಕಟ್ ಅಂದಾಗ ಮೊರದ ಹೊಟ್ಟು ಪೂರ್ತಿ ವಾರಗಿತ್ತಿ ತಲೆ ಮೇಲಿತ್ತು.

ಕಂಟಿನ್ಯೂಟಿ

ಮಾರನೇ ದಿನ ನನ್ನ ಧಾರೆ ಸೀರೆ ಉಟ್ಟು, ಹೂವ ಮುಡಿದು ಹೋದೆ. ವಾರಗಿತ್ತಿ ನೆನ್ನೆಯ ಮಾಸಲು ಸೀರೆಯಲ್ಲೇ ಕುಂತು ನಗ್ತಾವಳೆ. ಡೈರೆಕ್ಟರು ತಲೆ ಹಿಡ್ಕೊಂಡರು.

"ಅಜ್ಜಿ, ಕಂಟಿನ್ಯೂಟಿ ಹೋಯ್ತು. ಸಿನಿಮಾದಲ್ಲಿ ಇದು ಅದೇ ಬೆಳಗ್ಗೆ. ಮಗ ಇನ್ನೂ ಹೊಸ್ಲು ದಾಟಿಲ್ಲ."

"ಎರಡು ದಿನದಿಂದ ಹೊಸ್ಲಲ್ಲೇ ನಿಂತವ್ನಲ್ಲ ಸ್ವಾಮಿ, ಅಷ್ಟರೊಳಗೆ ನಾನೊಂದು ಸೀರೆ ಬದಲಾಯಿಸಬಾರ್ದಾ?"

ಡಬ್ಬಿಂಗು

ವಾರಗಿತ್ತಿಗೆ ಒಂದೇ ಒಂದು ಮಾತು: "ಬುತ್ತಿ ಮರ್ತು ಹೋಯ್ತಾ ಇದ್ದೀಯಲ್ಲೋ ಮಗಾ." ಅವಳು ಹೇಳಿದಳು. ಕಿವಿಗೆ ಹೆಡ್‌ಫೋನು ಹಾಕ್ಕೊಂಡಿದ್ದ ಸೌಂಡಿನವನು ಆಕಾಶ ನೋಡಿದ. "ಮಳೆ ಸದ್ದು ಬರ್ತೈತೆ" ಅಂದ. ಮೋಡವೇ ಇಲ್ಲ. ಆಮೇಲೆ ಗೊತ್ತಾಯ್ತು, ಗೋಡೆಯಾಚೆ ನಮ್ಮ ರೇಷ್ಮೆಹುಳ ಸೊಪ್ಪು ಮೇಯ್ತಿದ್ದ ಸದ್ದು. ನಾನೇ ಆಗ ತಾನೇ ಮಡ್ಲು ತುಂಬ ಸೊಪ್ಪು ಹಾಕಿ ಬಂದಿದ್ದೆ. ಹುಳಕ್ಕೆ ಹಸಿವಾದರೆ ಸಿನಿಮಾ ಮುಗೀಲಿ ಅಂತ ಕಾಯ್ತವಾ?

ಹುಳ ಗೂಡು ಕಟ್ಟಿ ಮನೆ ಸದ್ದಡಗಿದ ಮೇಲೆ ಸೌಂಡಿನವನು ಮತ್ತೆ ಬಂದ. ಮಾತೊಂದನ್ನೇ ಹಿಡಿದು, ತೆಗೆದ ಚಿತ್ರಕ್ಕೆ ಕೂರಿಸೋದು ಡಬ್ಬಿಂಗು ಅಂದ. ವಾರಗಿತ್ತಿ ತೌರಿಗೆ, ವಿರೂಪಾಕ್ಷಿಪುರಕ್ಕೆ ಹೋಗಿದ್ದಳು. "ಈ ಕಡೆ ಮಾತಾದ್ರೆ ಸಾಕು, ಯಾರಾದ್ರೂ ಹೇಳಿ" ಅಂದ. ನಾನು ಹೇಳಿದೆ. ಅವಳು ಬಂದ ಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚನ್ನಪಟ್ಟಣದ ಟಾಕೀಸಿಗೆ ಊರೇ ಹೋಯ್ತು. ಪರದೆ ತುಂಬ ವಾರಗಿತ್ತಿ ಮುಖ, ಮೂಗುಬೊಟ್ಟು ಬುಗುರಿಯಷ್ಟು ದಪ್ಪ. ನನ್ನ ಹೊಟ್ಟೆ ಉರಿದು ಬೂದಿಯಾಯ್ತು. ಆಮೇಲೆ ಅವಳು ಬಾಯಿಬಿಟ್ಟಳು. ಬಂದದ್ದು ನನ್ನ ದನಿ. ಹಿಂದಿನ ಸಾಲಲ್ಲಿ ಯಾರೋ, "ಅಯ್ಯೋ, ಇದು ದೊಡ್ಡವ್ವನ ದನಿ ಅಲ್ವೇನ್ಲಾ" ಅಂದ. ಟಾಕೀಸೇ ನಕ್ಕಿತು. ವಾರಗಿತ್ತಿ ಬಸ್ಸಲ್ಲಿ ನನ್ನ ಪಕ್ಕ ಕೂರಲಿಲ್ಲ.

ಆದರೆ ಆಮೇಲೆ ಬಂದೋರೆಲ್ಲ ಅವಳನ್ನೇ ಕೇಳೋರು, "ಆ ಬುತ್ತಿ ಮಾತು ಒಂದ್ಸಲ ಹೇಳವ್ವ." ಅವಳು ಹೇಳಿದರೆ, "ಸಿನಿಮಾದಲ್ಲಿದ್ದಂಗಿಲ್ಲ" ಅನ್ನೋರು. ಒಂದಿನ ಬೀಗರು ಬಂದಾಗ ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಅಕ್ಕ, ಒಸಿ ಬಾ. ನಾನು ಬಾಯಿ ಆಡಿಸ್ತೀನಿ, ನೀನು ನನ್ನ ಹಿಂದೆ ನಿಂತು ಹೇಳು."

"ಹಿಂದೆ ನಿಂತ್ರೆ ನಾನು ಮಂಜಾಗ್ತೀನಿ ಕಣಮ್ಮಿ" ಅಂದೆ. "ನೀನೇ ಹಿಂದೆ ನಿಂತ್ಕೊ, ಮೊರ ಕೊಡ್ತೀನಿ."