ಪಾರ್ಕಿನಲ್ಲಿ ದೊಡ್ಡಪ್ಪನ ದರ್ಬಾರು

ಮೈಸೂರಿನಲ್ಲಿ ಮಹಾರಾಜರ ಆಳ್ವಿಕೆ ಮುಗಿಯಿತೆಂದು ನೀವೆಲ್ಲ ನಂಬಿದ್ದೀರಿ ತಾನೆ? ಶುದ್ಧ ತಪ್ಪು! ಯಾದವಗಿರಿಯ ನಮ್ಮ ಪಾರ್ಕಿನಲ್ಲಿ ಅದು ಆಮೇಲೂ ಹಲವು ವರ್ಷ ನಡೆಯಿತು. ಸಿಂಹಾಸನ ಒಂದು ಕಲ್ಲುಬೆಂಚು. ಆಳುತ್ತಿದ್ದವರು ನಮ್ಮ ದೊಡ್ಡಪ್ಪ.

ಅರಮನೆಯ ಕುದುರೆ ಲಾಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಪಾರ್ಕನ್ನು ಬಳಸಿ ಹೋಗುವ ಮಣ್ಣುದಾರಿ ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿದ್ದೆಂದು ಅಲ್ಲಿನ ಬೋರ್ಡು ಹೇಳುತ್ತಿತ್ತು. ದೊಡ್ಡಪ್ಪ ದಿನಾ ಬೆಳಿಗ್ಗೆ ಆ ಬೋರ್ಡಿಗೆ ಬೆನ್ನುಹಾಕಿಯೇ ನಿಲ್ಲುತ್ತಿದ್ದರು. ಕೋಟು, ಪೇಟ, ಕೈಯಲ್ಲಿ ಕೊಡೆ. ಸೈಕಲ್ ಕಂಡಿತೋ, ಕೊಡೆ ಅಡ್ಡ!

“ಇಳೀರಿ ಸ್ವಾಮಿ. ತಳ್ಕೊಂಡು ಹೋಗಿ.”

“ಲಾಯದಲ್ಲಿ ಕುದುರೆ ಸವಾರರನ್ನೂ ಹಿಂಗೇ ಇಳಿಸ್ತಿದ್ರಾ?” ಎಂದು ಕಾಲೇಜು ಹುಡುಗನೊಬ್ಬ ಕೇಳಿಯೇಬಿಟ್ಟ.

“ಕುದುರೆಗೆ ಬುದ್ಧಿ ಇದೆ ಕಣಯ್ಯ. ಬೈಸಿಕಲ್ಲಿಗೂ ಇಲ್ಲ, ಹತ್ತಿದವನಿಗೂ ಇಲ್ಲ!”

ಬೆಂಚಿನ ಮೇಲಿದ್ದ ಪಿಂಚಣಿದಾರರು ಭಲೇ ಎಂದರು. ಇವರೆಲ್ಲ ‘ವಾಕಿಂಗ್’ ಬಂದವರೇ. ಅರ್ಧ ಸುತ್ತು ನಡೆದು, ಉಳಿದರ್ಧವನ್ನು ಕೂತಲ್ಲೇ ಬಾಯಲ್ಲಿ ಮುಗಿಸುತ್ತಿದ್ದರು!

ಇನ್ನೊಂದು ದಿನ ಹೊಸದಾಗಿ ಖಾದಿ ತೊಟ್ಟ ಮುಖಂಡರೊಬ್ಬರು ಸೈಕಲ್ಲಿನಲ್ಲಿ ಧಾವಿಸಿ ಬಂದರು. “ದಾರಿ ಬುಡ್ರೀ! ಸ್ವಾತಂತ್ರ್ಯ ಬಂದೈತೆ!”

“ಸ್ವಾತಂತ್ರ್ಯ ಬಂತು ಸರಿ, ಬ್ರೇಕು ಬಂತೇ?”

ಬಂದಿರಲಿಲ್ಲ. ಜನಸೇವೆಗೆ ಇಳಿದವರು ನೇರವಾಗಿ ಗುಲಾಬಿ ಪಾತಿಗೇ ಇಳಿದರು.

ಇಂಥ ದೊಡ್ಡಪ್ಪನ ಒಬ್ಬಳೇ ಮಗಳು, ನಮ್ಮ ಅಕ್ಕ, ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಒಳಕೋಣೆ ಸೇರಿದವಳು ಮಾತನ್ನೇ ಬಿಟ್ಟಳು. ದೊಡ್ಡಪ್ಪ ಹಟಹಿಡಿದು ಓದಿಸಿದರು. ನಜರ್‌ಬಾದಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಆದರೆ ಅಷ್ಟು ದೂರ ಹೋಗುವುದು ಹೇಗೆ?

ಮರುವಾರ ಪಾರ್ಕಿಗೆ ಹೋದ ನಾನು ಕಣ್ಣುಜ್ಜಿಕೊಂಡೆ. ಲೇಡೀಸ್ ಸೈಕಲ್ಲಿನ ಮೇಲೆ ಅಕ್ಕ! ಹಿಂದೆ, ಸೀಟು ಹಿಡಿದು, ಪಂಚೆ ಎತ್ತಿಕಟ್ಟಿ ಓಡುತ್ತಿದ್ದಾರೆ ದೊಡ್ಡಪ್ಪ!

ಪಿಂಚಣಿದಾರರ ಪೈಕಿ ಹಿರಿಯರು ಎದ್ದು ನಿಂತರು. “ಏನ್ರೀ ಇದು? ನೀವೇ ಹೀಗೆ ಮಾಡೋದೇ? ಅದೂ ಗಂಡ ಹೋದ ಹೆಣ್ಣುಮಗಳನ್ನ...”

“ಪಕ್ಕಕ್ಕೆ ಸರೀರಿ ಸ್ವಾಮಿ,” ದೊಡ್ಡಪ್ಪ ಏದುಸಿರು ಬಿಟ್ಟರು. “ಬೋರ್ಡು ಓದಿಲ್ವೇ?”

ತಿರುವಿನಲ್ಲಿ ಅವರ ಉಸಿರು ಸೋತಿತು, ಕೈ ಜಾರಿತು. ಸೈಕಲ್ ಓಲಾಡಿತು, ಮತ್ತೆ ನೆಟ್ಟಗಾಯಿತು. ಅಕ್ಕ ಒಬ್ಬಳೇ ಹೋಗುತ್ತಿದ್ದಳು.

ದೊಡ್ಡಪ್ಪ ನನ್ನ ಭುಜ ಹಿಡಿದುಕೊಂಡು ನಿಂತರು. “ನಂಗೆ ದೂರದ್ದು ಕಾಣ್ಸಲ್ಲ ಕಣೋ. ಏನ್ಮಾಡ್ತಿದಾಳೆ ನೋಡು. ಹೆದರ್ಕೊಂಡಳಾ?”

“ಇಲ್ಲ ದೊಡ್ಡಪ್ಪ. ನಗ್ತಿದಾಳೆ.”

“ನಿಜವಾಗ್ಲೂ?”

“ನಿಜವಾಗ್ಲೂ. ಜೋರಾಗಿ ನಗ್ತಿದಾಳೆ.”

ಅವರನ್ನು ಬೆಂಚಿನ ಕಡೆ ಕರೆದೆ, ಬರಲಿಲ್ಲ.

“ಇರು, ಸುತ್ತು ಮುಗಿಸ್ಕೊಂಡು ಈ ಕಡೇನೇ ಬರ್ತಾಳೆ,” ಎಂದರು. “ಹತ್ತಿರ ಬಂದಾಗ ನಾನೂ ನೋಡ್ತೀನಿ.”