ಎಂಟು ಮಕ್ಕಳು, ಒಂಬತ್ತು ಗ್ರಹ

ಭೂಮಿಗಿಂತ ಹಗುರ, ಚಂದ್ರನಿಗಿಂತ ಹಳದಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಅಳುತ್ತದೆ. ಏನದು?

ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಗೊತ್ತಾಗುವುದಿಲ್ಲ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನನಗೆ ಹಾಕಿದ ಒಗಟು. ಸೋತೆ, ಉತ್ತರ ಹೇಳು ಅಂದೆ. "ಉತ್ತರ ಇನ್ನೂ ಯೋಚ್ನೆ ಮಾಡಿಲ್ಲ ಅಣ್ಣಾ" ಅಂದಳು. ಚೆನ್ನೈಯ ಮೈಲಾಪೂರಿನ ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಇಂಥದ್ದು ವಾರಕ್ಕೆ ಮೂರಾದರೂ ನಡೆಯುತ್ತದೆ.

ಕ್ಲಾಸು ನನ್ನದಲ್ಲ, ಚಿಕ್ಕಮ್ಮನದು. ಕನ್ನಡ ಸಂಘದ ಮಹಡಿಯ ಹಾಲಿನಲ್ಲಿ ಹನ್ನೆರಡು ವರ್ಷದಿಂದ ನಡೆಸುತ್ತಿದ್ದಾರೆ. ಈ ವರ್ಷ ಆ ಹಾಲು ಕರಾಟೆಯವರ ಕಣ್ಣಿಗೆ ಬಿತ್ತು. ಸಂಘದ ಅಧ್ಯಕ್ಷರು ತೀರ್ಪು ಕೊಟ್ಟರು: ವಾರ್ಷಿಕೋತ್ಸವದಲ್ಲಿ ಎಂಟೂ ಮಕ್ಕಳು ತಾವೇ ಕಟ್ಟಿದ ಕನ್ನಡ ಕವನ ಹೇಳಬೇಕು. ಹೇಳಿದರೆ ಕ್ಲಾಸು, ಇಲ್ಲದಿದ್ದರೆ ಕರಾಟೆ. ವಿಷಯ ಬಾಹ್ಯಾಕಾಶ. ಯಾಕೆಂದರೆ ಬ್ಯಾನರ್ ಅಂಗಡಿಯವನ ಹತ್ತಿರ ರಾಕೆಟ್ಟಿನ ಚಿತ್ರ ರೆಡಿ ಇತ್ತು.

ಅದೇ ವಾರ ಚಿಕ್ಕಮ್ಮ ಬಸ್ಸಿಂದ ಇಳಿಯುವಾಗ ಕಾಲು ಮುರಿದುಕೊಂಡರು. ಮನೆಯಲ್ಲಿ ಖಾಲಿ ಕೂತಿದ್ದವನು ನಾನೊಬ್ಬನೇ, ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು.

"ಕವನ ಅಂದ್ರೆ ಏನು ಗೊತ್ತಾ ನಿಂಗೆ?" ಅಂದರು.

"ಸಾಲನ್ನ ಅರ್ಧಕ್ಕೇ ಬಿಡೋದು."

"ಅದು ನಿಂಗೆ ಬರುತ್ತೆ. ಹೋಗು."

೧. ಉಡಾವಣೆ

ಮೊದಲ ದಿನ ಎಲ್ಲರನ್ನೂ ಬೆಂಚಿನ ಕೆಳಗೆ ಮಲಗಿಸಿದೆ. "ಇದು ರಾಕೆಟ್ಟು. ಹತ್ತರಿಂದ ಸೊನ್ನೆವರೆಗೆ ಕನ್ನಡದಲ್ಲಿ ಎಣಿಸಿದರೆ ಹಾರುತ್ತೆ. ತಮಿಳಲ್ಲಿ ಎಣಿಸಿದರೆ ಎಂಜಿನ್ ಆಫ್."

ಒಂದರಿಂದ ಹತ್ತು ಎಲ್ಲರಿಗೂ ಬಾಯಿಪಾಠ. ಹಿಂದಿನಿಂದ ಒಬ್ಬರಿಗೂ ಬಾರದು. ಒಂಬತ್ತು ಆದಮೇಲೆ ಯಾವುದು ಎಂದು ತಿಳಿಯಲು ಒಂದರಿಂದ ಶುರುಮಾಡಿ ಪಿಸುಗುಟ್ಟುತ್ತಾ ಎಂಟಕ್ಕೆ ಬರುವರು. ಆಮೇಲೆ ಏಳಕ್ಕಾಗಿ ಮತ್ತೆ ಒಂದರಿಂದ. ನಡುವೆ ಯಾರೋ ಸೀನಿದರೆ ಮತ್ತೆ ಮೊದಲಿಂದ. ಐದಕ್ಕೆ ಬರುವಷ್ಟರಲ್ಲಿ ಒಬ್ಬನ ಅಮ್ಮ ಬಾಗಿಲಲ್ಲಿ ನಿಂತು, "ಮನೆಗೆ ಹೋಗೋಣ ಬಾರೋ" ಅಂದರು.

ಬೆಂಚಿನ ಕೆಳಗಿಂದ ಉತ್ತರ ಬಂತು: "ಇರಮ್ಮಾ, ಇನ್ನೂ ಮೈಲಾಪೂರೇ ಬಿಟ್ಟಿಲ್ಲ."

೨. ಪ್ರದಕ್ಷಿಣೆ

ಒಬ್ಬ ಹುಡುಗ ಪ್ರತಿ ಶನಿವಾರ ಅಜ್ಜಿಯ ಜೊತೆ ವಡಪಳನಿ ದೇವಸ್ಥಾನಕ್ಕೆ ಹೋಗುವವನು. ಗ್ರಹಗಳ ಹೆಸರು ಹೇಳು ಅಂದೆ. ಸೂರ್ಯ, ಚಂದ್ರ, ಮಂಗಳದಿಂದ ಹಿಡಿದು ರಾಹು, ಕೇತುವಿನವರೆಗೆ ಒಪ್ಪಿಸಿದ.

"ಭೂಮಿ ಎಲ್ಲೋ?"

"ಭೂಮಿ ಅಲ್ಲಿಲ್ಲ ಅಣ್ಣಾ. ನಾನು ನೋಡಿದ್ದೀನಿ."

"ಗ್ರಹಗಳು ಸೂರ್ಯನ ಸುತ್ತ ಸುತ್ತುತ್ತವೆ ಕಣೋ."

"ಇಲ್ಲ. ಅವು ನಿಂತಿರ್ತವೆ. ಸುತ್ತೋದು ನಾವು. ನೀವು ಹೋಗಿದ್ದೀರಾ?"

ನಾನು ಹೋಗಿರಲಿಲ್ಲ. ಉಳಿದ ಏಳು ಮಕ್ಕಳು ನನ್ನನ್ನು ನೋಡಿದರು. ವಿಜ್ಞಾನದ ಕಡೆಯಿಂದ ನಾನು ಹಿಂದೆ ಸರಿದೆ. ಅವನು ಬರೆದ:

ಒಂಬತ್ತು ಗ್ರಹ ಸುತ್ತಿದೆ ನಾನು
ಅಜ್ಜಿ ಕೈ ಹಿಡಿದು
ಶನಿ ಹತ್ತಿರ ಎಣ್ಣೆ ಚೆಲ್ಲಿದೆ
ಜಾರುತ್ತೆ, ಹುಷಾರು

ಗಗನಯಾತ್ರಿಗಳಿಗೆ ಇದಕ್ಕಿಂತ ಉಪಯೋಗದ ಸಲಹೆಯನ್ನು ನಾನಂತೂ ಕೇಳಿಲ್ಲ.

೩. ಗ್ರಹಣ

ಒಗಟಿನ ಹುಡುಗಿಯ ಅಪ್ಪ ಉಡುಪಿ ಕಡೆಯವರು, ಇಲ್ಲೇ ಒಂದು ಹೋಟೆಲಿನಲ್ಲಿ ಅಡುಗೆಯವರು. ಹೋಟೆಲಿಗೆ ರಜೆ ಅಂತ ಇರುವುದು ಗ್ರಹಣದ ದಿನ ಮಾತ್ರ. ಅವತ್ತು ಒಲೆ ಹಚ್ಚುವುದಿಲ್ಲ. ಅವಳ ಕವನ:

ದೇವರೇ, ಈ ವಾರ ಒಂದು ಗ್ರಹಣ ಕೊಡು
ಸೂರ್ಯನದಾದ್ರೂ ಸರಿ
ಚಂದ್ರನದಾದ್ರೂ ಸರಿ
ಅಪ್ಪ ಮನೇಲಿ ಇರ್ತಾರೆ

ಚೆನ್ನಾಗಿದೆ ಅಂದೆ.

"ಮುಂದಿನ ಗ್ರಹಣ ಯಾವಾಗ ಅಣ್ಣಾ?"

ಫೋನಿನಲ್ಲಿ ನೋಡಿದೆ. "ಬರುತ್ತೆ. ಆದ್ರೆ ಬೇರೆ ದೇಶದಲ್ಲಿ. ಚೆನ್ನೈಯಲ್ಲಿ ಕಾಣಲ್ಲ."

ಅವಳು ಸ್ವಲ್ಪ ಯೋಚಿಸಿದಳು. "ಪರವಾಗಿಲ್ಲ. ಕಾಣಲ್ಲ ಅನ್ನೋದನ್ನ ಓನರಿಗೆ ಹೇಳ್ಬೇಡಿ."

೪. ಒಂದೇ ಉಸಿರು

ವಾರ್ಷಿಕೋತ್ಸವ. ಅಧ್ಯಕ್ಷರು ಮುಂದಿನ ಸಾಲಿನಲ್ಲಿ. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ. ಅವರ ಪಕ್ಕ ವೀಲ್‌ಚೇರಿನಲ್ಲಿ ಚಿಕ್ಕಮ್ಮ, ಕರ್ಚೀಫನ್ನು ಹಿಂಡುತ್ತಾ. ಏಳು ಮಕ್ಕಳು ಹೇಳಿ ಮುಗಿಸಿದರು. ಎಂಟನೆಯವನು ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿದ.

"ಅಣ್ಣಾ, ಮರಂದು ಪೋಚ್ಚು."

ಮರೆತುಹೋಗಲು ಅವನು ಮೊದಲು ಏನಾದರೂ ಬರೆದಿರಬೇಕಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡರು. ಇವನ ಅಪ್ಪ ಹೋಟೆಲಿನಲ್ಲಿ ಸಪ್ಲೈಯರ್. ನಾನು ಕಿವಿಯಲ್ಲಿ ಹೇಳಿದೆ: "ಅಪ್ಪ ಟೇಬಲ್ ಹತ್ರ ನಿಂತು ತಿಂಡಿ ಹೇಳ್ತಾರಲ್ಲ, ಹಾಗೇ ಗ್ರಹ ಹೇಳು. ಕನ್ನಡದಲ್ಲಿ."

ಬೆವರು ಒರೆಸಿಕೊಳ್ಳಲು ನಾನು ಹೆಗಲ ಮೇಲೆ ಹಾಕಿಕೊಂಡಿದ್ದ ಟವೆಲನ್ನು ಹುಡುಗ ಎಳೆದು ತನ್ನ ಹೆಗಲಿಗೆ ಹಾಕಿಕೊಂಡ. ಮೈಕನ್ನು ಒಮ್ಮೆ ಒರೆಸಿದ. ಆಮೇಲೆ ಒಂದೇ ಉಸಿರಿನಲ್ಲಿ:

"ಬುಧ ಬಿಸಿ ಇದೆ, ಶುಕ್ರ ಇನ್ನೂ ಬಿಸಿ, ಭೂಮಿ ಇದೆ, ಮಂಗಳ ಕೆಂಪು ಚಟ್ನಿ ಜೊತೆ, ಗುರು ಪ್ಲೇನು, ಗುರು ಮಸಾಲೆ, ಶನಿ ಇದೆ, ಉಂಗುರ ಬೇಕಾದ್ರೆ ಎಕ್ಸ್‌ಟ್ರಾ, ಯುರೇನಸ್ ಆರಿಹೋಗಿದೆ, ನೆಪ್ಚೂನ್ ಲೇಟಾಗುತ್ತೆ, ಪ್ಲೂಟೋ ಮುಗೀತು!"

ಹಾಲಿಗೆ ಹಾಲೇ ಕುರ್ಚಿ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷರು ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಗಂಭೀರವಾಗಿ ಕೈಯೆತ್ತಿ ಅಂದರು: "ಎರಡು ಶನಿ, ಒಂದು ಕಾಫಿ. ಕ್ಲಾಸು ನಡೀಲಿ."

ಈ ಕೊನೆಯ ಮಾತು ನಾನು ಕಟ್ಟಿದ್ದು. ಅಧ್ಯಕ್ಷರು ಏನೂ ಹೇಳಲಿಲ್ಲ. ಮೂರನೇ ಕವನದಿಂದಲೇ ಕಪ್ಪು ಕನ್ನಡಕದ ಹಿಂದೆ ನಿದ್ದೆ ಮಾಡುತ್ತಿದ್ದರು. ನಗುವಿಗೆ ಎಚ್ಚರವಾಗಿ, ಮೈಕು ಎತ್ತಿಡಲು ಬಂದ ನನ್ನನ್ನು ಮೆಲ್ಲಗೆ ಕೇಳಿದರು: "ಯಾಕಪ್ಪಾ ಎಲ್ಲ ನಗ್ತಿದ್ದಾರೆ?"

"ನೀವು ಎರಡು ಶನಿ, ಒಂದು ಕಾಫಿ, ಕ್ಲಾಸು ನಡೀಲಿ ಅಂದ್ರಲ್ಲ ಸಾರ್, ಅದಕ್ಕೆ."

ಅವರು ಕಪ್ಪು ಕನ್ನಡಕ ಸರಿಮಾಡಿಕೊಂಡರು. ನಿದ್ದೆ ಮಾಡಿದ್ದೆ ಅನ್ನುವುದೋ, ಹೇಳಿದ್ದೆ ಅನ್ನುವುದೋ. "ಹೌದು, ಅಂದೆ" ಅಂದರು. ಎದ್ದು ನಿಂತು ಮೈಕಿನಲ್ಲಿ ಇನ್ನೊಮ್ಮೆಯೂ ಅಂದರು. ಈಗ ಹೋದ ಮದುವೆಯಲ್ಲೆಲ್ಲ ಇದನ್ನೇ ಹೇಳುತ್ತಿದ್ದಾರಂತೆ. ನಿಮ್ಮ ಹತ್ತಿರ ಹೇಳಿದರೆ ದಯವಿಟ್ಟು ನಗಿ. ಕರಾಟೆಯವರು ಇನ್ನೂ ಕೆಳಗಡೆಯೇ ಕಾಯುತ್ತಿದ್ದಾರೆ.