ನಲವತ್ತೊಂದರ ಮೂಲ

ಪಟ್ಟಿಯಣ್ಣನ ತಲೆ ತಿನ್ನುತ್ತಿದ್ದದ್ದು ಅವನ ಪಟ್ಟಿಯ ಒಂದು ಖಾಲಿ ಚೌಕ. ಲಿಪಿಡ್ ಜಾತಿಯ ಯಾವ ಕೊಬ್ಬು ಎಷ್ಟು ಬಿಸಿಗೆ ಗಟ್ಟಿತನ ಬಿಟ್ಟು ಕರಗುತ್ತದೆಂದು ಹನ್ನೊಂದು ವರ್ಷ ಕೂತು ಬರೆದ ಪಟ್ಟಿ ಅದು. ಪ್ರತಿ ಅಂಕಿಯ ಪಕ್ಕದಲ್ಲೂ ಅಳೆದವರ ಹೆಸರು. ಒಂದು ಕೊಬ್ಬಿನ ವಿಷಯದಲ್ಲಿ ಮಾತ್ರ ಹತ್ತು ಪ್ರಬಂಧಗಳು ನಲವತ್ತೊಂದು ಡಿಗ್ರಿ ಎಂದಿದ್ದವು. ಅಳೆದವರು ಯಾರೆಂದು ಒಂದೂ ಬಾಯಿ ಬಿಟ್ಟಿರಲಿಲ್ಲ.

“ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ಆ ಹೆಸರು ಸಿಗದಿದ್ದರೆ ನಿಮ್ಮ ಪಟ್ಟಿ ಕಪಾಟಿನಲ್ಲೇ ಉಳಿಯುತ್ತೆ,” ಎಂದರು ಸಂಶೋಧನಾ ಸಂಸ್ಥೆಯ ನಿರ್ದೇಶಕರು.

“ಸಿಗತ್ತೆ ಸರ್. ಸಿಗದೆ ಎಲ್ಲಿಗೆ ಹೋಗತ್ತೆ?”

ತಪ್ಪಿಸಿಕೊಂಡ ಕರುವಿನ ಹೆಜ್ಜೆ ಹಿಡಿದವನಂತೆ ಹೊರಟ. ಹೊಸ ಪ್ರಬಂಧ ಹಳೆಯದನ್ನು ತೋರಿಸಿತು, ಹಳೆಯದು ಅದಕ್ಕೂ ಹಳೆಯದನ್ನು. ಎಲ್ಲಕ್ಕೂ ಹಿಂದಿನ ವರದಿ ಉಗ್ರಾಣದ ಅಟ್ಟದ ಮೇಲಿತ್ತು.

“ನದಿಮೂಲ, ಋಷಿಮೂಲ ಹುಡುಕಬಾರದು ಅಂತಾರೆ. ನೀವು ಕೊಬ್ಬಿನ ಮೂಲ ಹುಡುಕ್ತಿದ್ದೀರಲ್ಲ,” ಎಂದಳು ಉಗ್ರಾಣ ನೋಡಿಕೊಳ್ಳುವ ಅಕ್ಕ.

“ನೀವು ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ.”

ದೂಳಿಗೆ ಅಕ್ಕ ಸೀನಿದಳು. ಪಟ್ಟಿಯಣ್ಣ ಬಳ್ಳಿ ಕಳಚಿದ ಕುಂಬಳಕಾಯಿಯಂತೆ ಕೆಳಗೆ ಬಂದ, ವರದಿ ಅವನ ಎದೆಯ ಮೇಲೆ. ಬಿದ್ದಲ್ಲೇ ಅಡಿಟಿಪ್ಪಣಿ ಓದಿದ. ಅಂಕಿಯನ್ನು ಪತ್ರ ಮುಖೇನ ತಿಳಿಸಿದವರು ಇದೇ ಸಂಸ್ಥೆಯ ಪಟ್ಟಿ ಬರೆಯುವವರು.

ಅಂದರೆ ತಾನೇ.

ನೆನಪಾಯಿತು. ಕೆಲಸಕ್ಕೆ ಸೇರಿದ ಬೇಸಿಗೆ. ಕಿಟಕಿಯ ಬಿಸಿಲಲ್ಲಿಟ್ಟ ಶೀಶೆಯ ಕೊಬ್ಬು ಕರಗಿತ್ತು. ನೆರಳಲ್ಲಿದ್ದ ಗೋಡೆಯ ಥರ್ಮಾಮೀಟರ್ ನೋಡಿ, ಕೇಳಿದವರಿಗೆ ನಲವತ್ತೊಂದು ಎಂದು ಉತ್ತರ ಬರೆದಿದ್ದ.

“ಈಗೇನ್ ಮಾಡ್ತೀರಿ?” ಅಕ್ಕ ಕೇಳಿದಳು.

“ಅಳೀತೀನಿ.”

ಸೊಂಟ ಹಿಡಿದುಕೊಂಡೇ ಪ್ರಯೋಗಶಾಲೆಗೆ ನಡೆದ. ನಲವತ್ತೊಂದರಲ್ಲಿ ಕೊಬ್ಬು ಒರಳುಕಲ್ಲಿನ ಹಾಗೆ ಕೂತಿತ್ತು. ಐವತ್ತೈದಕ್ಕೆ ಕರಗಿತು. ಮೂರು ಸಲ ಅಳೆದರೂ ಐವತ್ತೈದೇ.

ಐದಕ್ಕೆ ಹತ್ತು ನಿಮಿಷವಿದ್ದಾಗ ನಿರ್ದೇಶಕರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ.

“ಐವತ್ತೈದು ಅನ್ನೋರು ಎಷ್ಟು ಜನ?”

“ನಾನೊಬ್ಬನೇ, ಸರ್.”

“ನಲವತ್ತೊಂದು ಅಂದೋರು?”

“ಹತ್ತು ಪ್ರಬಂಧ. ಆದ್ರೆ ಅವೆಲ್ಲ ನಾನು ಹೇಳಿದ್ದನ್ನೇ…”

“ನೀವೂ ಸೇರಿದ್ರೆ ಹನ್ನೊಂದಾಯ್ತು. ಅಳೆದವರ ಹೆಸರೂ ಸಿಕ್ತಲ್ಲ.”

ನಿರ್ದೇಶಕರು ಖಾಲಿ ಚೌಕ ತುಂಬಿ ಪಟ್ಟಿಯನ್ನು ಅಚ್ಚಿಗೆ ಕಳಿಸಿದರು. ಅಷ್ಟು ದಪ್ಪ ಪುಸ್ತಕದಲ್ಲಿ ಪಟ್ಟಿಯಣ್ಣನ ಹೆಸರು ಅಚ್ಚಾದದ್ದು ಒಂದೇ ಕಡೆ, ತಪ್ಪೆಂದು ಅವನೇ ಅಳೆದು ಕಂಡುಕೊಂಡಿದ್ದ ನಲವತ್ತೊಂದರ ಪಕ್ಕದಲ್ಲಿ.